ಮಹಡಿ ಮನೆಯ ಗೋಧಿ ಪೈರು

ನಂಜನಗೂಡಿನ ನಮ್ಮ ಮನೆಯ ಮಹಡಿಯಲ್ಲಿ ಒಂದು ಕೋಣೆ, ಅದಕ್ಕೆ ಅಂಟಿಕೊಂಡು ಶೀಟು ಹೊದಿಸಿದ ಅಡುಗೆಮನೆ ಇದೆ. ತೊಂಬತ್ತರ ದಶಕದ ಕೊನೆಯಲ್ಲಿ ಒಂದೂವರೆ ವರ್ಷ ಅಲ್ಲಿ ಇರಾನ್ ದೇಶದ ಗಂಡ ಹೆಂಡತಿ ಬಾಡಿಗೆಗಿದ್ದರು. ಅವರಿದ್ದಾಗ ನಾನೊಂದು ಕೆಲಸ ಮಾಡಿದೆ. ಅದನ್ನು ನನ್ನ ಹೆಂಡತಿಗೆ ಹೇಳಲಿಲ್ಲ, ಆ ಇರಾನಿನ ಹೆಣ್ಣುಮಗಳಿಗೂ ಹೇಳಲಿಲ್ಲ. ಹೆಂಡತಿ ತೀರಿಕೊಂಡು ಎರಡು ವರ್ಷವಾಯಿತು. ಈಗ ಬರೆಯಲು ಕೂತಿದ್ದೇನೆ. ಬರೆದರೆ ತಿಳಿಯಾಗುತ್ತದೆ ಎಂದುಕೊಂಡಿದ್ದೆ. ಇನ್ನೂ ಆಗಿಲ್ಲ.

ನಮ್ಮ ಮೂಲ ತಿರುಮಕೂಡಲು ನರಸೀಪುರ ತಾಲ್ಲೂಕಿನ ಹೆಮ್ಮಿಗೆ. ಊರಿನ ಕೊನೆಯ ಬೀದಿ ನಮ್ಮದು. ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿದ ಮೇಲೆ ಕೆಲವು ವರ್ಷ ಅಲ್ಲಿ ಇಲ್ಲಿ ದುಡಿದು, ನಂಜನಗೂಡಿಗೆ ಹತ್ತಿರದ ತಾಂಡ್ಯದ ಒಂದು ಕಾರ್ಖಾನೆಯ ಗೋದಾಮಿನಲ್ಲಿ ಮಾಲಿನ ತೂಕ ಬರೆಯುವ ಕೆಲಸಕ್ಕೆ ಸೇರಿದೆ. ನಮಗೆ ಇದ್ದವಳು ಒಬ್ಬಳೇ ಮಗಳು. ಆರು ವರ್ಷಕ್ಕೆ ಕಾಮಾಲೆಯಾಗಿ ಹೋದಳು. ಅದಾದ ಮೂರನೆಯ ವರ್ಷ ನಾನು ಬೌದ್ಧ ದೀಕ್ಷೆ ತೆಗೆದುಕೊಂಡೆ. ಮೈಸೂರಿನಲ್ಲಿ ಸಾವಿರಾರು ಜನರ ನಡುವೆ ನಿಂತು ಪ್ರತಿಜ್ಞೆಗಳನ್ನು ಹೇಳುವಾಗ ಬೆನ್ನು ನೆಟ್ಟಗಾದ ಹಾಗಿತ್ತು. ಆ ಮಾತನ್ನು ಈಗಲೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಗುಡಿಯ ಹೊರಗೆ ನಿಂತು ಪ್ರಸಾದವನ್ನು ಮೇಲಿನಿಂದ ಹಾಕಿಸಿಕೊಂಡಿದ್ದ ಅಪ್ಪನ ಮಗ ನಾನು.

ಆ ಪ್ರತಿಜ್ಞೆಗಳಲ್ಲಿ ಒಂದು, ಶ್ರಾದ್ಧ ಮಾಡುವುದಿಲ್ಲ, ಪಿಂಡ ಇಡುವುದಿಲ್ಲ ಎನ್ನುವುದು. ನಮ್ಮ ಕಡೆ ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಕ್ಕುತ್ತಾರೆ. ಹೋದವರಿಗೆ ಏನೇನು ಇಷ್ಟವಿತ್ತೋ ಅಷ್ಟನ್ನೂ ಎಲೆಯ ಮೇಲೆ ಬಡಿಸುತ್ತಾರೆ. ಮಾಂಸದ ಸಾರು, ಮೀನು, ಬೀಡಿ, ಎಲೆಅಡಿಕೆ, ಹೊಸ ಬಟ್ಟೆ. ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ಕೂತಿರುತ್ತಾರೆ. ಮಗಳು ಹೋದ ಮೇಲೆ ನನ್ನ ಹೆಂಡತಿ ಎರಡು ವರ್ಷ ಅವಳಿಗೂ ಒಂದು ಎಲೆ ಹಾಕಿದ್ದಳು, ಕಡ್ಲೆಪುರಿ, ಬೆಲ್ಲ, ಜಡೆಗೆ ಕಟ್ಟುವ ಕೆಂಪು ಟೇಪು ಇಟ್ಟು. ದೀಕ್ಷೆಯಾದ ವರ್ಷ ನಾನು ಬೇಡ ಎಂದೆ. ಅವಳೂ ದೀಕ್ಷೆ ತೆಗೆದುಕೊಂಡವಳೇ. ವಾದ ಮಾಡಲಿಲ್ಲ. "ಆಯ್ತು ಬುಡಿ" ಅಂದಳು. ಟೇಪನ್ನು ಎಲ್ಲಿಟ್ಟಳು ಎಂದು ನಾನು ಕೇಳಲಿಲ್ಲ.

ಇರಾನಿನವರು ಬಂದದ್ದು ಅದಾದ ನಾಲ್ಕೈದು ವರ್ಷಕ್ಕೆ. ಗಂಡ ಮೈಸೂರಿನಲ್ಲಿ ಆಹಾರದ ವಿಷಯವಾಗಿ ಸಂಶೋಧನೆ ಮಾಡುತ್ತಿದ್ದವರು. ಅದರ ಸಲುವಾಗಿ ನಮ್ಮ ಕಾರ್ಖಾನೆಗೆ ಬರುತ್ತಿದ್ದರು. ಹತ್ತಿರದಲ್ಲೇ ಮನೆ ಬೇಕೆಂದರು, ನಾನು ಮಹಡಿ ತೋರಿಸಿದೆ. ಅವರದು ಇಂಗ್ಲಿಷ್, ನನ್ನದು ಹೈಸ್ಕೂಲಿನ ಇಂಗ್ಲಿಷ್. ಆಕೆ ಮಾತ್ರ ಇಂಗ್ಲಿಷಿನ ಗೊಡವೆಗೆ ಹೋಗದೆ ನನ್ನ ಹೆಂಡತಿಯ ಹತ್ತಿರ ಕನ್ನಡ ಕಲಿತಳು. ಆರು ತಿಂಗಳಿಗೆ ಥೇಟು ನಮ್ಮ ಹೆಮ್ಮಿಗೆಯ ಹೆಂಗಸರ ಹಾಗೆ ಮಾತಾಡುತ್ತಿದ್ದಳು. ಸಂತೆಗೆ ಹೊರಟರೆ ಮೆಟ್ಟಿಲ ಮೇಲಿಂದಲೇ, "ಅಕ್ಕಾ, ಓಗ್ಬುಟ್ ಬತ್ತೀನಿ ಕಣಕ್ಕಾ" ಎಂದು ಕೂಗುವಳು. ತರಕಾರಿಯವನು ಬೆಪ್ಪಾಗಿ, "ಇವ್ರು ಯಾವೂರ್ ಕಡೆಯವ್ರು ಸಾ?" ಎಂದು ನನ್ನನ್ನು ಕೇಳಿದ್ದ.

ಒಮ್ಮೆ ಮಾತಿನ ನಡುವೆ ನಾನು, ನಮ್ಮಪ್ಪನಿಗೆ ದರ್ಖಾಸ್ತಿನಲ್ಲಿ ಎರಡು ಎಕರೆ ಜಮೀನು ಸಿಕ್ಕಿತ್ತು ಎಂದು ಹೇಳುತ್ತಿದ್ದೆ. ಆತ ಟೀ ಲೋಟ ಕೆಳಗಿಟ್ಟು, ಇನ್ನೊಂದು ಸಲ ಹೇಳಿ ಎಂದರು. ಹೇಳಿದೆ. ಜಮೀನು ಅವರ ಮಾತಂತೆ. ದರ್ಖಾಸ್ತು ಎಂದರೆ ಅವರಲ್ಲಿ ಈಗಲೂ ಬೇಡಿಕೆ ಸಲ್ಲಿಸುವುದಂತೆ. ಆತ ನಕ್ಕರು. ನನಗೆ ನಗು ಬರಲಿಲ್ಲ. ನಮ್ಮಪ್ಪ ತಾಲ್ಲೂಕು ಕಚೇರಿಯ ಮುಂದೆ ವರ್ಷಗಟ್ಟಲೆ ನಿಂತದ್ದು ಆ ಮಾತನ್ನು ಹಿಡಿದುಕೊಂಡು. ಅವರ ದೇಶದ ಒಬ್ಬ ಸೈನಿಕನೂ ಹೆಮ್ಮಿಗೆಗೆ ಬಂದಿರಲಾರ. ಮಾತು ಹೇಗೆ ಬಂತು, ಬಂದದ್ದು ಯಾಕೆ ಹೋಗಲಿಲ್ಲ, ನನಗೆ ಹೊಳೆಯಲಿಲ್ಲ.

ಮಾರ್ಚ್ ತಿಂಗಳು ಬಂತು. ಆಕೆ ಮನೆಯ ಸಾಮಾನೆಲ್ಲ ಬಿಸಿಲಿಗೆ ಹಾಕಿ, ಗೋಡೆ ಒರೆಸಿ, ಪರದೆಗಳನ್ನು ಒಗೆದಳು. ಒಂದು ತಟ್ಟೆಯಲ್ಲಿ ಗೋಧಿ ನೆನೆಸಿ ಮೊಳಕೆ ಬರಿಸಿದಳು. ಒಂದು ಮಂಗಳವಾರ ಸಂಜೆ ಮಹಡಿಯ ಮೇಲೆ ಹೊಗೆ ಕಾಣಿಸಿ ನಾನು ಕೊಡಪಾನ ಹಿಡಿದು ಓಡಿದೆ. ನೋಡಿದರೆ ಗಂಡ ಹೆಂಡತಿ ತೆಂಗಿನ ಗರಿಗೆ ಬೆಂಕಿ ಹಾಕಿ, ಅದರ ಮೇಲೆ ಅತ್ತಿಂದಿತ್ತ ಹಾರುತ್ತಿದ್ದಾರೆ. ವರ್ಷದ ಕಾಯಿಲೆ ಕಸಾಲೆಯನ್ನು ಬೆಂಕಿಗೆ ಕೊಡುವುದಂತೆ.

ನನ್ನ ಹಿಂದೆಯೇ ಬಂದ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡಳು. "ನಾವು ಸಂಕ್ರಾಂತೀಲಿ ದನಗೊಳ್ಗೆ ಕಿಚ್ಚಾಯಿಸ್ತೀವಿ. ಇವ್ರು ತಾವೇ ಆಯ್ತಾ ಅವ್ರಲ್ಲಾ."

"ಬನ್ನಿ ಅಕ್ಕಾ, ನೀವೂ ಆರಿ," ಅಂದಳು ಆಕೆ.

"ನಂಗೆ ಕೊಂಬಿಲ್ಲ ಕಣವ್ವಾ," ಅಂದಳು ನನ್ನ ಹೆಂಡತಿ. ಆಮೇಲೆ ನನ್ನ ಕಡೆ ನೋಡದೆ, ಸೀರೆ ಎತ್ತಿ ಕಟ್ಟಿ ಒಂದು ಸಲ ಹಾರಿದಳು.

ನಾನು ಆತನನ್ನು ಕೇಳಿದೆ, ನಿಮ್ಮದು ಮುಸ್ಲಿಂ ಧರ್ಮವಲ್ಲವೇ, ಅದರಲ್ಲಿ ಇದು ಇದೆಯೇ? ಇಲ್ಲ, ಇದು ಧರ್ಮಕ್ಕಿಂತ ಹಳೆಯದು ಎಂದರು. ಧರ್ಮ ಬದಲಾದ ಮೇಲೂ ಹಳೆಯದನ್ನು ಇಟ್ಟುಕೊಂಡರೆ ಬದಲಾದದ್ದು ಏನು ಎಂದು ಕೇಳಬೇಕೆನಿಸಿತು. ಬಾಡಿಗೆಗೆ ಇರುವವರನ್ನು ಹಾಗೆ ಕೇಳಬಾರದೆಂದು ಕೊಡಪಾನ ಎತ್ತಿಕೊಂಡು ಕೆಳಗಿಳಿದೆ.

ಅದರ ಹಿಂದೆಯೇ ಅವರ ಹೊಸ ವರ್ಷ. ನನ್ನ ಹೆಂಡತಿ ಬೆಳಿಗ್ಗೆ ಮೊಸರು ಕೊಡಲು ಮೇಲೆ ಹೋದವಳು ತಕ್ಷಣ ಇಳಿದು ಬಂದು, ಧ್ವನಿ ತಗ್ಗಿಸಿ ಹೇಳಿದಳು:

"ಅವ್ರ ಮನೇಲಿ ಎಡೆ ಇಕ್ಕವ್ರೆ ಕಣ್ರೀ."

"ಅವರಲ್ಲಿ ಎಡೆ ಎಲ್ಲಿಂದ ಬಂತು?"

"ಅವ್ರ ಪಕ್ಷ ಈಗ ಬತ್ತದೆ ಅಂತ ಕಾಣ್ತದೆ. ಮನೆಯೆಲ್ಲ ತೊಳ್ದಿರ್ನಿಲ್ವಾ? ಬಟ್ಟೆ ಹಾಸಿ, ಸೇಬು, ಬೆಳ್ಳುಳ್ಳಿ, ಬಣ್ಣದ ಮೊಟ್ಟೆ, ಕನ್ನಡಿ, ದೀಪ, ಒಂದ್ ಪುಸ್ತ್ಕ. ಅವ್ಳಣ್ಣಂದು ಪೋಟಾ ಬೇರೆ. ಯುದ್ದದಲ್ಲಿ ಸತ್ನಂತಲ್ಲ, ಅವುಂದು. ಎಡೆಗೆ ಮೀನು ಇಕ್ಕೋದು ಸರಿ. ಗಾಜಿನ ಬುಂಡೇಲಿ ಈಜ್ತಾ ಇರೋ ಮೀನು ಇಕ್ಕವ್ರಲ್ರೀ, ಸತ್ತೋರು ಇಡ್ಕೊಂಡು ತಿನ್ಬೇಕಾ?"

ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ಅವಳು ಹೇಳಿದಳು, "ಗೋಧಿ ಪೈರು ಗೇಣುದ್ದ ಬೆಳ್ದದೆ. ಅದಕ್ಕೆ ಕೆಂಪು ಟೇಪು ಕಟ್ಟವ್ಳೆ, ಎಣ್ಮಗೀಗೆ ಜಡೆ ಕಟ್ದಂಗೆ. ಅವ್ಳಿಗೂ ಒಂದ್ ಎಣ್ಮಗು ಓಗಿರ್ಬೇಕು. ಕೇಳಕ್ಕೆ ಬಾಯಿ ಬರ್ನಿಲ್ಲ." ಆಮೇಲೆ, "ನಮ್ ಮಗೀದೂ ಒಂದ್ ಮಡಗ್ಲಾ ಅಲ್ಲಿ? ನಮ್ಮನೇಲಲ್ಲ. ಅವ್ರ ಮನೇಲಿ."

ನಾನು ಬೇಡ ಎಂದೆ. ಅವರದು ಎಡೆಯಲ್ಲ, ಹೊಸ ವರ್ಷ, ಹುಚ್ಚುಹುಚ್ಚಾಗಿ ಏನೇನೋ ಕಟ್ಟಬೇಡ ಎಂದೆ. ಸಂಜೆ ಆತನನ್ನು ಕೇಳಿದೆ. ಹೌದು, ಹೊಸ ವರ್ಷವೇ, ಸತ್ತವರಿಗಾಗಿ ಅಲ್ಲ. ಪೈರಿಗೆ ಕೆಂಪು ಪಟ್ಟಿ ಕಟ್ಟುವುದು ಅಂದಕ್ಕೆ ಎಂದರು. ಹಾಗಾದರೆ ಫೋಟೋ ಯಾಕೆ ಎಂದೆ. ಅದಕ್ಕೆ ಆಕೆಯೇ ಉತ್ತರ ಕೊಟ್ಟಳು: "ಅಣ್ಣಾ, ಒಸ ವರ್ಸ ಎಲ್ರಿಗೂ ಬತ್ತದಲ್ಲ. ಅವ್ನಿಗ್ ಮಾತ್ರ ಬೇಡ್ವಾ?" ಅಂದಮೇಲೆ ನನ್ನ ಹೆಂಡತಿ ತಪ್ಪು ತಿಳಿದಳೋ ಸರಿ ತಿಳಿದಳೋ ಎಂಬುದೇ ನನಗೆ ಗೊಂದಲವಾಯಿತು.

ಎರಡು ದಿನದ ಮೇಲೆ ಅವರು ಮೈಸೂರಿನಲ್ಲಿದ್ದ ತಮ್ಮ ದೇಶದವರ ಮನೆಗೆ ಹೋದರು. ಮೀನಿಗೆ ಕಾಳು ಹಾಕಲು, ಪೈರಿಗೆ ನೀರು ಚಿಮುಕಿಸಲು ಬೀಗದ ಕೈಯನ್ನು ನನ್ನ ಹೆಂಡತಿಗೆ ಕೊಟ್ಟಿದ್ದರು. ಅವಳು ಅಂದು ಹೆಮ್ಮಿಗೆಗೆ ಹೋಗಬೇಕಾಗಿ ಬಂದು, ಸಂಜೆ ನಾನೇ ಬಾಗಿಲು ತೆಗೆದು ಒಳಗೆ ಹೋದೆ.

ಪೈರಿಗೆ ಎರಡು ಟೇಪು ಕಟ್ಟಿತ್ತು. ಒಂದು ಹೊಸದು, ಮಿರಿಮಿರಿ ಮಿಂಚುವುದು. ಅದರ ಕೆಳಗೆ, ಎಲೆಗಳ ನಡುವೆ ಹುದುಗಿಕೊಂಡು ಇನ್ನೊಂದು, ಬಣ್ಣ ಹೋದದ್ದು. ಅದರ ಒಂದು ತುದಿ ನಾರುನಾರಾಗಿತ್ತು. ನನ್ನ ಮಗಳಿಗೆ ಜಡೆ ಮುಂದಕ್ಕೆ ಎಳೆದುಕೊಂಡು ಟೇಪಿನ ತುದಿ ಜಗಿಯುವ ಚಾಳಿ ಇತ್ತು. ಪಕ್ಕದ ಬಟ್ಟಲಲ್ಲಿ ಒಂದು ಹಿಡಿ ಕಡ್ಲೆಪುರಿ ಇತ್ತು.

ಮೀನಿಗೆ ಕಾಳು ಹಾಕಿದೆ, ಪೈರಿಗೆ ನೀರು ಚಿಮುಕಿಸಿದೆ. ಆಮೇಲೆ ಆ ಟೇಪನ್ನು ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡೆ. ಮರುದಿನ ಶಿಫ್ಟಿಗೆ ಹೋಗುವಾಗ ಸೇತುವೆಯ ಮೇಲೆ ಸೈಕಲ್ ನಿಲ್ಲಿಸಿ ಕಪಿಲಾ ನದಿಗೆ ಬಿಟ್ಟೆ. ಅದು ನೀರಿಗೆ ಬಿದ್ದದ್ದನ್ನು ನೋಡಲಿಲ್ಲ.

ಪ್ರತಿಜ್ಞೆಗಾಗಿ ಹಾಗೆ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಪ್ರತಿಜ್ಞೆಯಲ್ಲಿ ಮಗುವಿನ ಟೇಪು ಬಿಸಾಡು ಎಂದು ಎಲ್ಲಿದೆ? ಹೆಂಡತಿ ನನ್ನ ಮಾತು ಮೀರಿದಳೆಂಬ ಸಿಟ್ಟೇ? ಅದೂ ಇತ್ತು. ಆ ಜಗಿದ ತುದಿಯನ್ನು ನೋಡಲು ಆಗದೆ ಹಾಗೆ ಮಾಡಿದೆನೇ? 

ಹೊಸ ವರ್ಷದ ಹದಿಮೂರನೆಯ ದಿನ ಅವರು ಮನೆಯಲ್ಲಿ ಇರುವುದಿಲ್ಲ. ಹೊಳೆಯ ದಡಕ್ಕೋ ತೋಪಿಗೋ ಊಟ ಕಟ್ಟಿಕೊಂಡು ಹೋಗಿ, ಪೈರನ್ನು ಹರಿಯುವ ನೀರಿಗೆ ಬಿಡುತ್ತಾರೆ. ನನ್ನ ಹೆಂಡತಿ, ಬಿಡುವುದಾದರೆ ನರಸೀಪುರದ ಸಂಗಮಕ್ಕೇ ಬಿಡೋಣ, ಎರಡು ಹೊಳೆ ಕೂಡುವ ಕಡೆ ಎಂದಳು. ನಾಲ್ವರೂ ಬಸ್ಸಿನಲ್ಲಿ ಹೊರಟೆವು. ಆಕೆ ಪೈರಿನ ತಟ್ಟೆಗೆ ಪೇಪರು ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ದಾರಿಯುದ್ದಕ್ಕೂ ನಾನು ಆ ಪೇಪರನ್ನು ನೋಡುತ್ತಿದ್ದೆ.

ಸಂಗಮದ ಮರಳಿನಲ್ಲಿ ಚಿತ್ರಾನ್ನ, ಅವರು ತಂದಿದ್ದ ಸೊಪ್ಪಿನ ಅನ್ನ ಎಲ್ಲ ಉಂಡೆವು. ಹೆಂಗಸರು ಪಾತ್ರೆ ತೊಳೆಯಲು ನೀರಿನ ಕಡೆ ಹೋದಾಗ ನಾನು ಆತನನ್ನು ಅಂದು ಕೇಳದೆ ಬಿಟ್ಟದ್ದನ್ನು ಸುತ್ತಿ ಬಳಸಿ ಕೇಳಿದೆ. ಯಾರು ಯಾರೋ ಬಂದು ನಿಮ್ಮ ದೇಶ ಗೆದ್ದರಲ್ಲ, ಇದೆಲ್ಲ ಹೇಗೆ ಉಳಿಯಿತು?

ಅವರು ಮರಳಿನ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತ ಹೇಳಿದರು. ಗ್ರೀಕರು ಬಂದು ಅರಮನೆ ಸುಟ್ಟರು. ಆಮೇಲೆ ಅರಬರು, ತುರ್ಕರು, ಮಂಗೋಲರು. ಮಂಗೋಲರು ಬಂದಾಗ ಊರಿಗೆ ಊರೇ ಇಲ್ಲದ ಹಾಗಾಯಿತು. ಅರಬರಿಂದ ಧರ್ಮ ತೆಗೆದುಕೊಂಡೆವು, ಲಿಪಿ ತೆಗೆದುಕೊಂಡೆವು. ಭಾಷೆ ಮಾತ್ರ ಬಿಡಲಿಲ್ಲ, ಹೊಸ ವರ್ಷ ಬಿಡಲಿಲ್ಲ. ಗೆದ್ದವರ ಮೊಮ್ಮಕ್ಕಳು ನಮ್ಮ ಭಾಷೆಯಲ್ಲೇ ಪದ್ಯ ಕಟ್ಟತೊಡಗಿದರು, ನಮ್ಮ ಹೊಸ ವರ್ಷಕ್ಕೇ ಹೊಸ ಬಟ್ಟೆ ಉಟ್ಟರು.

"ಯಾರು ಉಳಿಸಿದರು? ರಾಜರೇ?"

ರಾಜರ ವಿಷಯ ಪುಸ್ತಕದಲ್ಲಿದೆ, ನಾನು ನೋಡಿದ್ದು ನಮ್ಮಜ್ಜಿಯನ್ನು ಎಂದರು. ಆ ಅಜ್ಜಿ ದಿನದ ಒಂದು ನಮಾಜನ್ನೂ ತಪ್ಪಿಸಿದವಳಲ್ಲ. ಆದರೆ ಆ ಮಂಗಳವಾರ ಬೆಂಕಿ ಹಾರದ ಮೊಮ್ಮಗನಿಗೆ ಊಟ ಹಾಕುತ್ತಿರಲಿಲ್ಲ. ಇದು ಸರಿಯಲ್ಲ ಎಂದು ಹೇಳಿದವರು ಇದ್ದರು. ಅಜ್ಜಿ ತಲೆ ಆಡಿಸಿ, ಒಣ ಪುಳ್ಳೆ ತರಲು ಮೊಮ್ಮಕ್ಕಳನ್ನು ಕಳಿಸುತ್ತಿದ್ದಳು.

"ಎರಡೂ ಒಂದೇ ಮನೆಯಲ್ಲಿ ಹೇಗೆ ಇರುತ್ತವೆ ಸಾರ್?"

ಆತ "ಜಗಳ ಆಡ್ಕೊಂಡು ಇರ್ತವೆ," ಎಂದು ಕನ್ನಡದಲ್ಲೇ ಹೇಳಿದರು.

ನನಗೆ ಒಪ್ಪಿಗೆಯಾಗಲಿಲ್ಲ, ಸುಳ್ಳೆನ್ನಲೂ ಆಗಲಿಲ್ಲ. ಅವರು ಉಳಿಸಿಕೊಂಡದ್ದು ಅವರ ಹೆಮ್ಮೆಯನ್ನು. ನಮ್ಮ ಹಳೆಯದರಲ್ಲಿ ನಮ್ಮ ಹೆಮ್ಮೆ ಎಷ್ಟಿತ್ತು, ನಮ್ಮ ತಲೆಯ ಮೇಲೆ ಬೇರೆಯವರು ಹೇರಿದ್ದು ಎಷ್ಟು? ಪ್ರಸಾದ ಎತ್ತರದಿಂದ ಬೀಳುತ್ತಿದ್ದದ್ದೂ ಹಳೆಯದೇ. ಅದನ್ನು ಉಳಿಸಬೇಕೇ? ಹಾಗಾದರೆ ಎಡೆ ಯಾರದು? ಮೇಲಿನವರು ಕಲಿಸಿದ್ದೋ, ಯಾವ ಭಟ್ಟರೂ ಕಾಲಿಡದ ನಮ್ಮ ಬೀದಿಯಲ್ಲಿ ನಮ್ಮ ಹೆಂಗಸರೇ ಕಂಡುಕೊಂಡದ್ದೋ? ಬೀಡಿ, ಮೀನು ಇಡುವ ಶಾಸ್ತ್ರ ಯಾವ ಪುಸ್ತಕದಲ್ಲಿದ್ದೀತು? ನಾನು ಕಳೆ ಕಿತ್ತೆನೋ ಬೆಳೆ ಕಿತ್ತೆನೋ ಎಂಬ ಯೋಚನೆ ಅಲ್ಲೇ ಮೊದಲು ಬಂದದ್ದು.

ಅಷ್ಟರಲ್ಲಿ ಹೆಂಗಸರು ನೀರಿನ ಅಂಚಿನಲ್ಲಿ ಪೇಪರು ಬಿಚ್ಚಿದ್ದರು. ನನ್ನ ಹೆಂಡತಿಯ ಮಾತು ಕೇಳಿಸಿತು.

"ನಮ್ ಮಗೀದು ಬಿಚ್ಕೊಡವ್ವಾ. ಪೈರು ಓಗ್ಲಿ, ಟೇಪು ನಂಗಿರ್ಲಿ. ಅದೊಂದೇ ಇರೋದು."

ಆಕೆ ಪೈರನ್ನು ತಿರುಗಿಸಿ ತಿರುಗಿಸಿ ನೋಡಿದಳು. ಪೇಪರನ್ನು ಕೊಡವಿದಳು. ಬ್ಯಾಗನ್ನು ಮರಳಿನ ಮೇಲೆ ಸುರಿದಳು. ಮೈಸೂರಿನಿಂದ ಬಂದ ಮೇಲೆ ತಾನೇ ಪೈರನ್ನು ಎತ್ತಿ ಎತ್ತಿ ನೀರು ಹಾಕಿದ್ದೆ, ಆಗಲೇ ಬಿದ್ದಿರಬೇಕು, ಕಸದಲ್ಲಿ ಗುಡಿಸಿಬಿಟ್ಟೆನೋ ಏನೋ ಎಂದು ತೊದಲುತ್ತ ಅಳತೊಡಗಿದಳು. "ಅಕ್ಕಾ, ನನ್ ಕೈಲಿ ಓಯ್ತಲ್ಲಕ್ಕಾ. ನಂಬಿ ಕೊಟ್ಟಿದ್ರಿ."

ಗಂಡ ಏನಾಯಿತೆಂದು ಎದ್ದು ಓಡಿದರು. ನಾನು ಕೂತಲ್ಲೇ ಇದ್ದೆ. ಒಂದು ಮಾತು ಸಾಕಾಗಿತ್ತು. ಬಾಯಿ ತೆರೆದದ್ದು ನೆನಪಿದೆ. ಆಡಿದ ಮಾತು, "ಬಸ್ಸಿಗೆ ಹೊತ್ತಾಯ್ತು."

"ಓದ್ರೆ ಓಗ್ಲಿ ಬುಡವ್ವಾ. ಟೇಪು ತಾನೆ," ಎಂದು ನನ್ನ ಹೆಂಡತಿ ಆಕೆಯ ಕಣ್ಣು ಒರೆಸಿದಳು. ಪೈರನ್ನು ಇಬ್ಬರೂ ಸೇರಿ ನೀರಿಗೆ ಬಿಟ್ಟರು.

ಮುಂದಿನ ಒಂದು ವಾರ ಆಕೆ ಮನೆಯೆಲ್ಲ ಹುಡುಕಿದಳು. ಹಾಸಿಗೆ ಕೊಡವಿದಳು, ಮಂಚ ಸರಿಸಿದಳು. ಒಂದು ದಿನ, "ಅಣ್ಣಾ, ಮಾಳ್ಗೆ ಮೇಗ್ಳ ಮಳೆ ನೀರಿನ್ ಪೈಪಲ್ಲಿ ಸಿಕ್ಕಿರ್ಬೋದಾ?" ಎಂದು ಕೇಳಿದಳು. ನಾನು ಒಂದು ಕೋಲು ತಂದು, ಆಕೆಯ ಎದುರಿಗೇ ಆ ಪೈಪಿನೊಳಗೆ ಕೋಲು ಆಡಿಸಿ, ಇಲ್ಲವಲ್ಲ ಎಂದೆ. ಟೇಪನ್ನು ಹೊಳೆಗೆ ಬಿಟ್ಟದ್ದಕ್ಕಿಂತ ಆ ಕೋಲು ಆಡಿಸಿದ್ದು ನನ್ನನ್ನು ಹೆಚ್ಚು ಕಾಡುತ್ತದೆ.

ಆ ವರ್ಷದ ಕೊನೆಗೆ ಅವರು ದೇಶಕ್ಕೆ ಹೊರಟರು. ಆಟೋ ಹತ್ತುವಾಗಲೂ ಆಕೆ ನನ್ನ ಹೆಂಡತಿಯ ಕೈ ಹಿಡಿದು ಅದೇ ಮಾತು ಎತ್ತಿದಳು. ಆಮೇಲೆ ನಾಲ್ಕು ವರ್ಷ ನಮ್ಮ ಮನೆಯಲ್ಲಿ ಆ ವಿಷಯ ಬರಲಿಲ್ಲ. ಒಂದು ಮಧ್ಯಾಹ್ನ ನನ್ನ ಹೆಂಡತಿ ಅಕ್ಕಿ ಆರಿಸುತ್ತ, "ಆ ಎಣ್ಣಿಗೆ ಒಂದ್ ಕಾಗ್ದ ಬರೀರಿ," ಎಂದಳು.

"ಏನಂತ?"

"ಟೇಪು ಸಿಕ್ತು ಅಂತ. ಅಕ್ಕಿ ಡಬ್ಬದ ಇಂದೆ ಬಿದ್ದಿತ್ತು ಅಂತ ಬರ್ದಾಕಿ. ಪಾಪ, ಇನ್ನೂ ನೊಂದ್ಕೊಂಡಿರ್ತದೆ."

"ಸಿಕ್ಕಿಲ್ಲವಲ್ಲ."

"ಗೊತ್ತು. ಬರೀರಿ."

ಗೊತ್ತು ಎಂದಾಗ ಅವಳು ನನ್ನ ಮುಖ ನೋಡಿದಳೇ, ಅಕ್ಕಿ ನೋಡಿದಳೇ? ಎಷ್ಟೋ ಸಲ ನೆನಪು ಮಾಡಿಕೊಂಡಿದ್ದೇನೆ, ಸ್ಪಷ್ಟವಾಗುವುದಿಲ್ಲ. ನಾನು ಡಿಕ್ಷನರಿ ಇಟ್ಟುಕೊಂಡು ಇಂಗ್ಲಿಷಿನಲ್ಲಿ ಬರೆದೆ. ಎರಡು ತಿಂಗಳಿಗೆ ಉತ್ತರ ಬಂತು. ಆಕೆ ಗಂಡನ ಕೈಯಲ್ಲಿ ಬರೆಸಿದ್ದಳು. ಟೇಪು ಸಿಕ್ಕಿದ್ದು ಕೇಳಿ ಮನಸ್ಸು ಹಗುರವಾಯಿತು. ಈ ನಾಲ್ಕು ವರ್ಷವೂ ಹೊಸ ವರ್ಷಕ್ಕೆ ನನ್ನ ಅಣ್ಣನ ಫೋಟೋದ ಪಕ್ಕ ನಿಮ್ಮ ಮಗಳಿಗಾಗಿ ಒಂದು ಬಟ್ಟಲು ಇಟ್ಟಿದ್ದೇನೆ. ಇಲ್ಲಿ ಕಡ್ಲೆಪುರಿ ಸಿಗುವುದಿಲ್ಲ, ಹುರಿದ ಗೋಧಿ ಹಾಕುತ್ತೇನೆ. ಮನೆಗೆ ಬಂದವರು ಇದು ಯಾರಿಗೆಂದು ಕೇಳಿದರೆ, ನಮ್ಮ ನಂಜನಗೂಡಿನ ಮಗುವಿಗೆ ಎನ್ನುತ್ತೇನೆ ಎಂದಿತ್ತು.

ಕನ್ನಡದಲ್ಲಿ ಓದಿ ಹೇಳಿದೆ. ನನ್ನ ಹೆಂಡತಿ ಮೊರ ಕೆಳಗಿಟ್ಟಳು. "ಇನ್ನೊಂದ್ ಸಲ ಓದಿ," ಎಂದಳು. ಮೂರು ಸಲ ಓದಿಸಿದಳು. ಸ್ವಂತ ಮನೆಯಲ್ಲಿ ಅಪ್ಪ ಒಂದು ಎಲೆ ಹಾಕಲು ಬಿಡದ ಮಗುವಿಗೆ, ನಾನು ಕಾಣದ ದೇಶದಲ್ಲಿ, ನಮ್ಮ ದೇವರೂ ಗೊತ್ತಿಲ್ಲದ, ನಮ್ಮ ಬುದ್ಧನೂ ಗೊತ್ತಿಲ್ಲದ ಮನೆಯಲ್ಲಿ ಜಾಗ ಸಿಕ್ಕಿತ್ತು. ಆಗಲಾದರೂ ಹೇಳಬಹುದಿತ್ತು. ಅವಳ ಮುಖದಲ್ಲಿದ್ದ ಸಂತೋಷ ಕೆಡಿಸಬಾರದೆಂದು ಸುಮ್ಮನಾದೆ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ನಿಜವಾಗಿ ನನಗೆ ಹೆದರಿಕೆಯಾಯಿತು.

ಹೆಂಡತಿ ಹೋದ ಮೇಲೆ ಇರಾನಿಗೆ ಸುದ್ದಿಯನ್ನಷ್ಟೇ ಬರೆದೆ. ಅವಳ ಮಣ್ಣನ್ನು ದೀಕ್ಷೆಯವರ ಕ್ರಮದಲ್ಲೇ ಮಾಡಿಸಿದೆ, ಮೇಣದ ಬತ್ತಿ ಹಚ್ಚಿ, ತ್ರಿಸರಣ ಹೇಳಿಸಿ. ಅದರಲ್ಲಿ ತಪ್ಪೇನೂ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ. ಎರಡು ಪಿತೃಪಕ್ಷ ಬಂದು ಹೋದವು. ಎರಡು ಸಲವೂ ಬೆಳಿಗ್ಗೆಯೇ ಎದ್ದು, ಅವಳಿಗೆ ಇಷ್ಟವಾದ ಮೀನು ತರಲು ಚೀಲ ಹಿಡಿದು ಮಾರ್ಕೆಟ್ಟಿನವರೆಗೆ ಹೋಗಿ, ಬದನೆಕಾಯಿ ಕೊಂಡು ಬಂದೆ.

ಈ ಮಾರ್ಚಿನ ಕೊನೆಗೆ ಆಕೆಯಿಂದ ಕಾಗದ ಬಂತು. ತಾನೇ ಇಂಗ್ಲಿಷ್ ಕಲಿತು ಬರೆದಿದ್ದಾಳೆ. ಅಕ್ಕನಿಗೂ ಮಗುವಿನ ಪಕ್ಕದಲ್ಲಿ ಜಾಗ ಮಾಡಿದ್ದೇನೆ, ಅಕ್ಕನಿಗೆ ಏನು ಇಷ್ಟವಿತ್ತು, ನಿಮ್ಮ ಮನೆಯಲ್ಲಿ ನೀವು ಏನು ಇಡುತ್ತೀರಿ, ನಾನೂ ಅದನ್ನೇ ಇಡುತ್ತೇನೆ ಎಂದು ಕೇಳಿದ್ದಾಳೆ.

ಉತ್ತರ ಬರೆಯಲು ಕೂತು ಮೂರು ವಾರವಾಯಿತು. ಟೇಪಿನ ವಿಷಯ ಬರೆದರೆ ನನ್ನ ಹೆಂಡತಿ ಕೊಟ್ಟ ಸಮಾಧಾನವನ್ನು ಆಕೆಯಿಂದ ಕಿತ್ತುಕೊಂಡ ಹಾಗೆ. ಬರೆಯದಿದ್ದರೆ ನಾನು ಇನ್ನೂ ಆ ಪೈಪಿನಲ್ಲಿ ಕೋಲು ಆಡಿಸುತ್ತಿರುವವನೇ. ಅದಿರಲಿ, ಆಕೆ ಕೇಳಿದ್ದು ಟೇಪಿನ ವಿಷಯವಲ್ಲ. ನೀವು ಏನು ಇಡುತ್ತೀರಿ ಎಂದು. ಏನೂ ಇಟ್ಟಿಲ್ಲ ಎಂದು ಒಂದು ಹಾಳೆಯಲ್ಲಿ ಬರೆದೆ. ಮೀನು ಎಂದು ಇನ್ನೊಂದು ಹಾಳೆಯಲ್ಲಿ ಬರೆದೆ. ಎರಡೂ ಮೇಜಿನ ಮೇಲಿವೆ.